ಎಫ್‌ಸಿಸಿ ತನಿಖೆಯನ್ನು ರಾಜಿಯಲ್ಲಿ ಮುಗಿಸುವುದು ಹೇಗೆ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಗ್ರಾಹಕರಿಗೆ ಇಂಟರ್‌ನೆಟ್ ಫೋನ್ ಸೇವೆ ಕೊಡುವವರು ನಮ್ಮಲ್ಲಿದ್ದಾರೆ. ಅಲ್ಲಿನ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿಯ ಎನ್‌ಫೋರ್ಸ್‌ಮೆಂಟ್ ಬ್ಯೂರೊದಿಂದ (ನಿಯಮ ಮೀರಿದವರ ಮೇಲೆ ಕ್ರಮ ಕೈಗೊಳ್ಳುವ ವಿಭಾಗ) ವಿಚಾರಣಾ ಪತ್ರ ಬಂದಾಗ ಇಂಥವರು ಎಡವುವುದು ಒಂದೇ ಕಡೆ. ‘ಹೇಗೂ ರಾಜಿಯಲ್ಲಿ ಮುಗಿಯುತ್ತದೆ’ ಎಂದು ಮೊದಲ ಉತ್ತರವನ್ನು ಅವಸರದಲ್ಲಿ ಬರೆದು ಕಳಿಸುತ್ತಾರೆ. ಮುಂದೆ ಮಾತುಕತೆಗೆ ಕೂತಾಗ ಅಧಿಕಾರಿಗಳ ಕೈಯಲ್ಲಿ ಇರುವುದು ಆ ಉತ್ತರವೇ.

ಪತ್ರ ಬಂದ ದಿನವೇ ಇಮೇಲ್, ವಾಟ್ಸ್ಆ್ಯಪ್, ಕರೆ ದಾಖಲೆ ಎಲ್ಲದರ ತಾನಾಗಿ ಅಳಿಯುವ ವ್ಯವಸ್ಥೆಯನ್ನು ನಿಲ್ಲಿಸಿ. ಅಮೆರಿಕದಲ್ಲಿ ಎಫ್‌ಸಿಸಿ ಪ್ರಕರಣಗಳನ್ನೇ ನಡೆಸುವ ವಕೀಲರನ್ನು ಹಿಡಿಯಿರಿ.

ಇನ್ನು ಉತ್ತರ. ಮೊದಲು ಪತ್ರದ ಕೊನೆಯಲ್ಲಿರುವ ವ್ಯಾಖ್ಯೆಗಳನ್ನು ಓದಿ. ಪ್ರಶ್ನೆಗಳಿಗಿಂತ ಇವೇ ಮುಖ್ಯ. ‘ಕಂಪನಿ’ ಎಂದರೆ ಸಾಮಾನ್ಯವಾಗಿ ಅಂಗಸಂಸ್ಥೆ, ಏಜೆಂಟ್, ಗುತ್ತಿಗೆದಾರ ಎಲ್ಲರೂ ಸೇರುತ್ತಾರೆ. ಇಲ್ಲಿನ ಸಪೋರ್ಟ್ ಡೆಸ್ಕ್‌ನಲ್ಲಿರುವ ದಾಖಲೆಗಳೂ ಆಗ ಲೆಕ್ಕಕ್ಕೆ ಬರುತ್ತವೆ. ಇದನ್ನು ಗಮನಿಸದೆ ‘ನಮ್ಮಲ್ಲಿ ದಾಖಲೆ ಇಲ್ಲ’ ಎಂದು ಬರೆದ ಒಂದು ಸಂಸ್ಥೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಿಂಗಳ ನಂತರ ದಾಖಲೆ ಸಿಕ್ಕಿತು. ಅಲ್ಲಿಂದಾಚೆ ಅವರ ಯಾವ ಮಾತನ್ನೂ ಅಧಿಕಾರಿಗಳು ನಂಬಲಿಲ್ಲ. ಗೊತ್ತಿಲ್ಲದಿದ್ದರೆ ‘ಹುಡುಕುತ್ತಿದ್ದೇವೆ, ಇಂಥ ದಿನ ಕೊಡುತ್ತೇವೆ’ ಎಂದೇ ಬರೆಯಿರಿ. ಗಡುವು ಸಾಲದಿದ್ದರೆ ಅದು ಮುಗಿಯುವ ಮೊದಲೇ ಹೆಚ್ಚು ದಿನ ಕೇಳಿ.

ಪ್ರತಿ ದಾಖಲೆಗೂ ಪುಟಸಂಖ್ಯೆ ಹಾಕಿ, ಯಾರು ಬರೆದದ್ದು, ಯಾವ ದಿನದ್ದು, ಯಾವ ಪ್ರಶ್ನೆಗೆ ಉತ್ತರ ಎಂಬುದರ ಪಟ್ಟಿ ಮಾಡಿ. ವ್ಯಾಪಾರದ ಗುಟ್ಟುಗಳಿದ್ದರೆ ಗೋಪ್ಯವಾಗಿಡುವ ಕೋರಿಕೆಯನ್ನು ಜೊತೆಯಲ್ಲೇ ಸಲ್ಲಿಸಿ.

ಕೊನೆಗೆ ಪ್ರಮಾಣ ಹೇಳಿಕೆ. ಇದಕ್ಕೆ ವಕೀಲರ ಸಹಿ ಸಾಲದು, ವಿಷಯ ಸ್ವತಃ ಬಲ್ಲ ಕಂಪನಿಯ ಅಧಿಕಾರಿಯೇ ಸಹಿ ಹಾಕಬೇಕು. 2002ರಲ್ಲಿ ಎಸ್‌ಬಿಸಿ ಕಮ್ಯುನಿಕೇಷನ್ಸ್ ಪ್ರಮಾಣೀಕರಿಸಿದ ಉತ್ತರ ಕೊಡದಿದ್ದುದಕ್ಕೇ 1 ಲಕ್ಷ ಡಾಲರ್ ದಂಡ ತೆರಬೇಕಾಯಿತು. ಬೆಂಗಳೂರಿನಲ್ಲಿ ಸಹಿ ಹಾಕುವವರಿಗೆ ಇನ್ನೊಂದು ಮಾತು: ಛಾಪಾ ಕಾಗದವೂ ಬೇಡ, ನೋಟರಿಯೂ ಬೇಡ. ಆದರೆ ‘ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನುಗಳ ಅಡಿಯಲ್ಲಿ, ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಟ್ಟು’ ಎಂಬ ಅರ್ಥದ ಮಾತು ಅದರಲ್ಲಿ ಇರಲೇಬೇಕು. ಅಮೆರಿಕದೊಳಗೆ ಸಹಿ ಹಾಕುವವರ ನಮೂನೆಯಲ್ಲಿ ದೇಶದ ಹೆಸರು ಹೇಳುವ ಭಾಗ ಇರುವುದಿಲ್ಲ. ಅದನ್ನೇ ನಕಲು ಮಾಡಿ ಕೆಡಿಸಿಕೊಂಡವರಿದ್ದಾರೆ.

ನಡುವೆ ಟೋಲಿಂಗ್ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. ಬಹುಪಾಲು ಉಲ್ಲಂಘನೆಗಳಿಗೆ ದಂಡ ಹೂಡಲು ಎಫ್‌ಸಿಸಿಗೆ ಇರುವುದು ಒಂದೇ ವರ್ಷ, ಬೇಕೆಂದೇ ಮಾಡಿದ ಅಕ್ರಮ ರೋಬೊಕಾಲ್‌ಗಳಿಗೆ (ಯಂತ್ರದ ಮೂಲಕ ಮಾಡುವ ಕರೆಗಳು) 4 ವರ್ಷ. ಆ ಗಡಿಯಾರವನ್ನು ನಿಲ್ಲಿಸುವ ಒಪ್ಪಂದ ಇದು. ರಾಜಿ ಬೇಕಿದ್ದರೆ ಸಹಿ ಹಾಕಿ, ಆದರೆ ಕೊನೆಯ ದಿನಾಂಕ ನಮೂದಿಸದ ಒಪ್ಪಂದಕ್ಕೆ ಬೇಡ.

ರಾಜಿ ಪತ್ರಕ್ಕೆ ಅಲ್ಲಿ ಕನ್ಸೆಂಟ್ ಡಿಕ್ರಿ ಎನ್ನುತ್ತಾರೆ. ದಂಡದ ಪ್ರಸ್ತಾವ ಹೊರಬಿದ್ದ ಮೇಲೂ ಬಾಗಿಲು ಮುಚ್ಚುವುದಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್ ದನಿಯನ್ನು ಎಐ ಮೂಲಕ ನಕಲು ಮಾಡಿದ ಕರೆಗಳನ್ನು ಸಾಗಿಸಿದ ಲಿಂಗೊ ಟೆಲಿಕಾಂ ಮೇಲೆ 2024ರ ಮೇನಲ್ಲಿ 20 ಲಕ್ಷ ಡಾಲರ್ ದಂಡದ ಪ್ರಸ್ತಾವವಿತ್ತು. ಆಗಸ್ಟ್‌ನಲ್ಲಿ 10 ಲಕ್ಷಕ್ಕೆ ರಾಜಿಯಾಯಿತು. ಜೊತೆಗೆ ಗ್ರಾಹಕರ ಗುರುತನ್ನು ಪರಿಶೀಲಿಸುವ ಕಟ್ಟುನಿಟ್ಟಿನ ಷರತ್ತುಗಳಿಗೆ ಕಂಪನಿ ಒಪ್ಪಿಕೊಂಡಿತು. ಅದೇ ವರ್ಷ ಟಿ-ಮೊಬೈಲ್‌ನ 3.15 ಕೋಟಿ ಡಾಲರ್ ರಾಜಿಯಲ್ಲಿ ಅರ್ಧ ದಂಡ, ಇನ್ನರ್ಧ ಸೈಬರ್ ಭದ್ರತೆಗೆ ಕಂಪನಿಯೇ ಮಾಡಬೇಕಾದ ಖರ್ಚು. ನೀವೂ ಇಂಥ ಏರ್ಪಾಡನ್ನು ಕೇಳಿ ನೋಡಿ.

ಎಲ್ಲರೂ ದಂಡದ ಮೊತ್ತಕ್ಕೇ ಜಗ್ಗಾಡುತ್ತಾರೆ. ನನ್ನ ಮಾತು ಕೇಳುವುದಾದರೆ ಆ ಬಲವನ್ನೆಲ್ಲ ಪಾಲನಾ ಯೋಜನೆಯ ಮೇಲೆ, ಅಂದರೆ ಮುಂದೆ ನಿಯಮ ಮೀರದಂತೆ ನೀವು ಒಪ್ಪಿಕೊಳ್ಳುವ ಕ್ರಮಗಳ ಮೇಲೆ ಹಾಕಿ. ಒಬ್ಬ ಪಾಲನಾ ಅಧಿಕಾರಿ, ಕೈಪಿಡಿ, ಸಿಬ್ಬಂದಿಗೆ ತರಬೇತಿ, ವರ್ಷವರ್ಷ ವರದಿ, ಹೆಚ್ಚಾಗಿ 3 ವರ್ಷ ಇವೆಲ್ಲ ನಡೆಯಬೇಕು. ತಪ್ಪು ಕಂಡರೆ ನೀವೇ ವರದಿ ಮಾಡಬೇಕು, ಅದಕ್ಕೆ ಸಾಮಾನ್ಯವಾಗಿ ಸಿಗುವುದು 15 ದಿನ. ಹತ್ತು ಜನರ ಕಂಪನಿ ‘ತಿಂಗಳಿಗೊಮ್ಮೆ ಲೆಕ್ಕಪರಿಶೋಧನೆ’ ಎಂದು ಒಪ್ಪಿ ನಡೆಸಲಾಗದಿದ್ದರೆ, ಅದು ಎಫ್‌ಸಿಸಿ ಆದೇಶದ್ದೇ ಉಲ್ಲಂಘನೆ. ಇಂಟರ್‌ನೆಟ್‌ನಲ್ಲಿ ಮಾರುವ ಸಿದ್ಧ ಕೈಪಿಡಿ ಕೊಳ್ಳಬೇಡಿ. ಅದರಲ್ಲಿ ನಿಮ್ಮಲ್ಲಿಲ್ಲದ ಹುದ್ದೆಗಳೂ ನೀವು ಕೊಡದ ಸೇವೆಗಳೂ ಇರುತ್ತವೆ. ಕರೆ ಹೇಗೆ ಬರುತ್ತದೆ, ಯಾರು ತಡೆಯುತ್ತಾರೆ ಎಂಬುದನ್ನು ನಿಮ್ಮ ಎಂಜಿನಿಯರ್ ಜೊತೆ ಕೂತು ಬರೆಯಿರಿ. ಎಂಟು ಪುಟವಾದರೂ ಸಾಕು.

ಹಣ ಕಟ್ಟುವುದು ಆನ್‌ಲೈನ್‌ನಲ್ಲೇ. ನೀವು ಕೊಡಬೇಕಾದ ಮೊದಲ ಪಾಲನಾ ವರದಿಯ ಗಡುವು ಹೆಚ್ಚಾಗಿ 90 ದಿನಕ್ಕೆ ಬರುತ್ತದೆ. ಪಾಲನಾ ಅಧಿಕಾರಿಯ ಜೊತೆ ಇನ್ನೊಬ್ಬರ ಕ್ಯಾಲೆಂಡರಿನಲ್ಲೂ ಆ ದಿನವನ್ನು ಗುರುತು ಹಾಕಿಸಿಡಿ, ಅಧಿಕಾರಿ ಕೆಲಸ ಬಿಟ್ಟರೂ ವರದಿ ತಪ್ಪಬಾರದು.