ಕ್ಯೂಟಿ ಮೆಸೇಜ್ ಬಾಕ್ಸಲ್ಲಿ ಯಾವ ಬಟನ್ ಒತ್ತಿದ್ರೂ ಫೈಲ್ ಸೇವ್ ಆಗ್ತಿರಲಿಲ್ಲ, ಹೀಗೆ ಸರಿಹೋಯ್ತು

ಪೈಥಾನ್, ಕ್ಯೂಟಿ (Qt, ವಿಂಡೋ, ಬಟನ್ ಎಲ್ಲಾ ಮಾಡೋ ಲೈಬ್ರರಿ). ಕ್ಯೂಮೆಸೇಜ್‌ಬಾಕ್ಸ್‌ಗೆ ಆಡ್‌ಬಟನ್ ಹಾಕಿ 'ಉಳಿಸು', 'ಬಿಡು', 'ವಾಪಸ್' ಅಂತ ನಮ್ಮದೇ ಬಟನ್ ಇಟ್ರೆ ಯಾವುದನ್ನ ಒತ್ತಿದ್ರೂ ಕೋಡ್ ಸೀದಾ ಎಲ್ಸ್‌ಗೇ ಹೋಗ್ತಿತ್ತು.

ಎಕ್ಸೆಕ್ (ಬಾಕ್ಸ್ ತೋರಿಸಿ ಬಟನ್ ಒತ್ತೋವರೆಗೂ ಕಾಯೋ ಫಂಕ್ಷನ್) ವಾಪಸ್ ಕೊಟ್ಟ ನಂಬರನ್ನ ಕ್ಯೂಟಿಯದೇ ಸ್ಟ್ಯಾಂಡರ್ಡ್ ಸೇವ್ ಬಟನ್ ನಂಬರ್ ಜೊತೆ ಹೋಲಿಸಿದ್ದು ಕೆಲಸ ಮಾಡ್ಲಿಲ್ಲ, ಪ್ರಿಂಟ್ ಮಾಡಿದ್ರೆ ಸೇವ್‌ನ 2048 ಬರೋ ಬದಲು ಯಾವುದೋ ಸಣ್ಣ ನಂಬರ್. ಆಕ್ಸೆಪ್ಟ್‌ರೋಲ್ (ಇದು 'ಒಪ್ಪಿಗೆ' ಬಟನ್ ಅಂತ ಹೇಳೋ ಗುರುತು) ಜೊತೆ ಹೋಲಿಸಿದ್ರೂ ಅಷ್ಟೇ. ಸ್ವಂತ ಬಟನ್ ಇದ್ದಾಗ ಆ ನಂಬರಿಗೆ ಅರ್ಥ ಇಲ್ಲ, ನಂಬಲೇಬೇಡಿ.

ಸರಿಹೋಗಿದ್ದು ಈ ಆರ್ಡರಲ್ಲಿ: ಆಡ್‌ಬಟನ್ ವಾಪಸ್ ಕೊಡೋ ಆಬ್ಜೆಕ್ಟನ್ನ ಒಂದೊಂದು ವೇರಿಯಬಲ್‌ಗೆ ಹಾಕ್ಕೊಳ್ಳಿ, ಆಮೇಲೆ ಎಕ್ಸೆಕ್, ಅದು ಮುಗಿದ ಮೇಲೆ ಕ್ಲಿಕ್ಡ್‌ಬಟನ್ (ಒತ್ತಿದ್ದು ಯಾವ ಬಟನ್ ಅಂತ ಹೇಳೋ ಫಂಕ್ಷನ್) ಕರೆದು ಬಂದ ಆಬ್ಜೆಕ್ಟನ್ನ ಆ ವೇರಿಯಬಲ್ ಜೊತೆನೇ ಹೋಲಿಸಿ.

ಎಸ್ಕೇಪ್ ಕೀ ಒತ್ತಿದ್ರೆ 'ವಾಪಸ್' ಒತ್ತಿದ ಹಾಗೇ ಖಂಡಿತ ಆಗ್ಬೇಕಂದ್ರೆ ಎಕ್ಸೆಕ್‌ಗೆ ಮುಂಚೆನೇ ಸೆಟ್‌ಎಸ್ಕೇಪ್‌ಬಟನ್‌ಗೆ 'ವಾಪಸ್' ಬಟನ್ ಕೊಡಿ.