ಬಳ್ಳಾರಿಯ ಬಿಸಿಲು ಮತ್ತು ಸಿವಿಟಿ ಗೇರ್‌ಬಾಕ್ಸಿನ ಆಯಿಲ್: ನನ್ನ ಅನುಭವ

ಬಳ್ಳಾರಿಯ ನನ್ನ ಗ್ಯಾರೇಜಿಗೆ ಸಿವಿಟಿ ಕಾರು, ಅಂದರೆ ಹಲ್ಲಿನ ಗೇರುಗಳ ಬದಲು ಬೆಲ್ಟ್ ಮತ್ತು ಪುಲ್ಲಿಗಳಿಂದ ತಾನೇ ಅನುಪಾತ ಬದಲಿಸಿಕೊಳ್ಳುವ ಗೇರ್‌ಬಾಕ್ಸಿನ ಕಾರು, ತರುವವರಲ್ಲಿ ಬಹುಪಾಲು ಜನ ಕೇಳುವುದು ಒಂದೇ ಪ್ರಶ್ನೆ: “ಗೇರ್‌ಬಾಕ್ಸ್ ಆಯಿಲ್ ಮುಟ್ಟೂದೇ ಬ್ಯಾಡ ಅಂತ ಹೇಳ್ಯಾರ್ರೀ, ನೀವ್ಯಾಕ ಬದಲಿಸ್ರಿ ಅಂತೀರಿ?” ಇದಕ್ಕೆ ಉತ್ತರ ಆ ಗೇರ್‌ಬಾಕ್ಸಿನ ರಚನೆಯಲ್ಲೇ ಇದೆ. ಸ್ಕೂಟರಿನ ಸಿವಿಟಿಯಲ್ಲಿ ಒಣ ರಬ್ಬರ್ ಬೆಲ್ಟ್ ಓಡುತ್ತದೆ. 1958ರಲ್ಲಿ ನೆದರ್ಲೆಂಡ್ಸಿನ ಡಾಫ್ ಕಂಪನಿ ತನ್ನ ಕಾರಿಗೆ ಅಳವಡಿಸಿದ್ದೂ ರಬ್ಬರ್ ಬೆಲ್ಟನ್ನೇ. ಇಂದಿನ ಹೆಚ್ಚಿನ ಸಿವಿಟಿ ಕಾರುಗಳಲ್ಲಾದರೋ ನೂರಾರು ತೆಳು ಉಕ್ಕಿನ ಬಿಲ್ಲೆಗಳನ್ನು ಉಕ್ಕಿನ ಪಟ್ಟಿಗಳಿಗೆ ಪೋಣಿಸಿದ ಬೆಲ್ಟ್, ಎರಡು ಪುಲ್ಲಿಗಳ ಇಳಿಜಾರು ಮುಖಗಳ ನಡುವೆ ಸಿಕ್ಕಿಕೊಂಡು ತಿರುಗುತ್ತದೆ. ಆ ಪುಲ್ಲಿಗಳನ್ನು ಒತ್ತಿ ಹಿಡಿಯುವುದು ಆಯಿಲಿನ ಒತ್ತಡ. ಉಕ್ಕು ಸವೆಯದಂತೆ ಕಾಯುವುದು, ಅದೇ ಹೊತ್ತಿಗೆ ಬೆಲ್ಟ್ ಜಾರದಂತೆ ಹಿಡಿತ ಕೊಡುವುದು, ಶಾಖವನ್ನು ಹೊತ್ತೊಯ್ಯುವುದು, ಎಲ್ಲವೂ ಅದೇ ಆಯಿಲಿನ ಕೆಲಸ. ಶಾಖ ಹೆಚ್ಚಿದಂತೆ ಈ ಗುಣಗಳು ಕುಂದುತ್ತವೆ, ಮತ್ತು ಬೆಲ್ಟ್ ಒಮ್ಮೆ ಜಾರಿ ಪುಲ್ಲಿಯ ಮುಖದಲ್ಲಿ ಗೀರು ಬಿದ್ದರೆ ಹೊಸ ಆಯಿಲ್ ಅದನ್ನು ಸರಿಪಡಿಸಲಾರದು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಅದಿರು ಲಾರಿಗಳ ಹಿಂದೆ ತೆವಳುತ್ತಾ ಸಾಗುವ ಕಾರಿಗೆ ‘ಜೀವಮಾನದ ಆಯಿಲ್’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಅವಧಿ ಹೇಳಿಲ್ಲವಾದರೆ, ಸುಮಾರು 40,000 ಕಿಲೋಮೀಟರಿಗೊಮ್ಮೆ ಬದಲಿಸುವುದು ನನ್ನ ಪದ್ಧತಿ. ಹೋಂಡಾದ ಹಲವು ಮಾದರಿಗಳಿಗೆ ಎಚ್‌ಸಿಎಫ್-2, ನಿಸ್ಸಾನಿನ ಹಲವು ಮಾದರಿಗಳಿಗೆ ಎನ್‌ಎಸ್-3 ಎಂದು ಪ್ರತ್ಯೇಕ ಆಯಿಲ್‌ಗಳಿವೆ. ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲನ್ನು ಇವುಗಳಿಗೆ ಹಾಕಲೇಬಾರದು.

ಈ ಕೆಲಸವನ್ನು ನಾನು ಬೆಳಗಿನ ಜಾವವೇ ಹಿಡಿಯುತ್ತೇನೆ. ಆಯಿಲಿನ ಮಟ್ಟ ನೋಡುವ ಬೋಲ್ಟ್ (ಬಿಚ್ಚಿದಾಗ ಆಯಿಲ್ ಹೊರಗೆ ಹರಿದರೆ ಮಟ್ಟ ಸಾಕಷ್ಟಿದೆ ಎಂದರ್ಥ) ಇರುವ ಮಾದರಿಗಳಲ್ಲಿ, ಎಂಜಿನ್ ಓಡುತ್ತಿರುವಾಗ ಆಯಿಲ್ ಕೈಪಿಡಿ ಸೂಚಿಸಿದ ಉಷ್ಣತೆಯಲ್ಲಿರುವಾಗಲೇ ಅಳೆಯಬೇಕು. ಕೆಲವು ಕಾರುಗಳಲ್ಲಿ ಅದು 35ರಿಂದ 45 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಿಂತ ಕಾರಿನ ಆಯಿಲೇ ಆ ಮಿತಿಯ ಸಮೀಪದಲ್ಲಿರುತ್ತದೆ, ಎಂಜಿನ್ ಚಾಲು ಮಾಡಿದ ಸ್ವಲ್ಪ ಹೊತ್ತಿಗೇ ದಾಟಿಬಿಡುತ್ತದೆ. ಕಾದು ಹಿಗ್ಗಿದ ಆಯಿಲ್ ಹೊರಗೆ ಹರಿದು ಮಟ್ಟ ಸರಿಯಿದೆಯೆಂದು ತೋರಿಸುತ್ತದೆ. ಆರಿದ ಮೇಲೆ ಕಡಿಮೆಯಾಗಿರುತ್ತದೆ. ಮಟ್ಟ ತೀರಾ ಇಳಿದರೆ ಪಂಪ್ ಗಾಳಿ ಎಳೆದು ಒತ್ತಡ ಕುಸಿಯುತ್ತದೆ, ಬೆಲ್ಟ್ ಜಾರುತ್ತದೆ. ಆದ್ದರಿಂದ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡದೆ ನಾನು ಆ ಬೋಲ್ಟ್ ಬಿಚ್ಚುವುದಿಲ್ಲ. ಒಮ್ಮೆ ಬಸಿದಾಗ ಹಳೆಯ ಆಯಿಲ್ ಪೂರ್ತಿ ಹೊರಬರುವುದಿಲ್ಲ. ಬಹಳ ಓಡಿದ ಕಾರಾದರೆ ಕೆಲವು ದಿನ ಓಡಿಸಿ ಮತ್ತೊಮ್ಮೆ ಬಸಿಯುತ್ತೇನೆಯೇ ಹೊರತು ಯಂತ್ರದ ಒತ್ತಡದಿಂದ ತೊಳೆಯುವುದಿಲ್ಲ. ಆಯಿಲ್ ಚೇಂಬರಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಬಣ್ಣದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಕೈಗೆ ಚುಚ್ಚುವ ಚೂರುಗಳು ಸಿಕ್ಕರೆ ಹೊಸ ಆಯಿಲಿಗೆ ಹಣ ಹಾಕಬೇಡಿ, ಮೊದಲು ಗೇರ್‌ಬಾಕ್ಸ್ ಬಿಚ್ಚಿಸಿ ಎಂದು ಮಾಲೀಕರಿಗೆ ನೇರವಾಗಿ ಹೇಳುತ್ತೇನೆ.

ಆಯಿಲಿನಷ್ಟೇ ಮುಖ್ಯವಾದದ್ದು ರೇಡಿಯೇಟರ್. ಅನೇಕ ಕಾರುಗಳಲ್ಲಿ ಗೇರ್‌ಬಾಕ್ಸ್ ಆಯಿಲನ್ನು ತಣಿಸುವುದು ಎಂಜಿನ್ನಿನ ಕೂಲಂಟೇ ಆಗಿರುವುದರಿಂದ, ಸಂಡೂರು, ತೋರಣಗಲ್ಲಿನ ಕಡೆ ಓಡಾಡುವ ಕಾರಿನ ರೇಡಿಯೇಟರ್ ಸಂದುಗಳಲ್ಲಿ ಕೂರುವ ಕೆಂಪು ಧೂಳು ನೇರವಾಗಿ ಬೆಲ್ಟಿನ ಆಯುಷ್ಯವನ್ನೇ ತಿನ್ನುತ್ತದೆ. ಅದನ್ನು ಕಡಿಮೆ ಒತ್ತಡದ ನೀರಿನಿಂದ, ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ತೊಳೆಯಬೇಕು.

ವೇಗ ಏರುವ ಮೊದಲೇ ಎಂಜಿನ್ ಸದ್ದು ಏರುವುದು ಸಿವಿಟಿಯ ಸ್ವಭಾವ, ಅದು ದೋಷವಲ್ಲ. ಆದರೆ ನಿಧಾನವಾಗಿ ಹೋಗುವಾಗ ಕಾರು ನಡುಗಿದರೆ ತಡಮಾಡದೆ ತೋರಿಸಬೇಕು. ಏರಿನಲ್ಲಿ ಕಾರನ್ನು ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಳ್ಳದೆ ಬ್ರೇಕ್ ಹಿಡಿಯಬೇಕು. ಪೂರ್ತಿ ನಿಂತ ಮೇಲೆಯೇ ರಿವರ್ಸ್ ಹಾಕಬೇಕು. ದಾರಿಯಲ್ಲಿ ಕೆಟ್ಟು ನಿಂತಾಗ ಹಗ್ಗ ಕಟ್ಟಿ ಎಳೆಯಬೇಡಿ: ಎಂಜಿನ್ ನಿಂತಿದ್ದರೆ ಆಯಿಲ್ ಪಂಪೂ ನಿಂತಿರುತ್ತದೆ, ಒಳಗಿನ ಭಾಗಗಳಿಗೆ ಆಯಿಲ್ ಸಿಗುವುದಿಲ್ಲ. ಎಷ್ಟೇ ಹೊತ್ತಾದರೂ ಕಾದು, ಕಾರನ್ನು ಪೂರ್ತಿ ಮೇಲೇರಿಸಿಕೊಳ್ಳುವ ಗಾಡಿಯಲ್ಲೇ ತನ್ನಿ.