ಕಾರಿನ ಒಳಾಂಗಣ ಡಿಸೈನರ್ ಆಗಿ ನಾನು ಕಲಿತದ್ದು

ಕಾರ್ ಡಿಸೈನರ್ ಅಂದ ಕೂಡಲೇ ಎಲ್ಲರೂ ಹೊರಮೈ ಬಗ್ಗೆಯೇ ಕೇಳುತ್ತಾರೆ. ನನ್ನ ಕೆಲಸ ಒಳಗಿನದು: ಸೀಟು, ಡ್ಯಾಶ್‌ಬೋರ್ಡ್, ಬಾಗಿಲಿನ ಒಳಭಾಗ, ಸ್ವಿಚ್ಚು, ಬಟ್ಟೆ, ದೀಪ. ಕಾರು ಕೊಂಡವರು ದಿನಾ ನೋಡುವುದು, ಮುಟ್ಟುವುದು ಇದನ್ನೇ ಅಲ್ವಾ? ಅದಕ್ಕೇ ನಾನು ಇದನ್ನು ಆರಿಸಿಕೊಂಡೆ.

ಓದಿದ್ದು ಇಂಡಸ್ಟ್ರಿಯಲ್ ಡಿಸೈನ್. ಕೆಲಸಕ್ಕೆ ಅರ್ಜಿ ಹಾಕುವಾಗ ಪೋರ್ಟ್‌ಫೋಲಿಯೊದಲ್ಲಿ ಹೊಳೆಯುವ ಚಿತ್ರಗಳನ್ನು ಕಡಿಮೆ ಇಟ್ಟೆ. ಒಂದು ಬಾಗಿಲನ್ನು ಅಡ್ಡ ಕತ್ತರಿಸಿದರೆ ಒಳಗೆ ಏನೇನು ಕಾಣುತ್ತದೆ ಎಂದು ತೋರಿಸುವ ಸೆಕ್ಷನ್ ಡ್ರಾಯಿಂಗ್ ಸೇರಿಸಿದೆ. ಕೈ ಎಲ್ಲಿ ಊರುತ್ತದೆ, ಸ್ಪೀಕರ್ ಎಲ್ಲಿ ಕೂರುತ್ತದೆ, ಗಾಜು ಇಳಿಯಲು ಎಷ್ಟು ಜಾಗ ಬೇಕು, ಎಲ್ಲ ಅದರಲ್ಲಿತ್ತು. ಸಂದರ್ಶನದಲ್ಲಿ ಜಾಸ್ತಿ ಮಾತು ನಡೆದದ್ದು ಆ ಒಂದು ಹಾಳೆಯ ಮೇಲೆಯೇ.

ಸ್ಟುಡಿಯೊದಲ್ಲಿ ಎಲ್ಲವೂ ಎಚ್-ಪಾಯಿಂಟಿನಿಂದ ಶುರು. ಅಂದರೆ, ಕೂತವರ ಸೊಂಟದ ಕೀಲು ಇರುವ ಜಾಗ. ಅದು ನಿಗದಿಯಾದ ಮೇಲೆಯೇ ಕಣ್ಣಿನ ಎತ್ತರ, ಪೆಡಲಿನ ದೂರ, ತಲೆಯ ಮೇಲಿನ ಜಾಗದ ಲೆಕ್ಕ. 5ನೇ ಪರ್ಸೆಂಟೈಲಿನ ಗಿಡ್ಡ ಹೆಂಗಸಿನಿಂದ (ನೂರು ಹೆಂಗಸರಲ್ಲಿ ಸುಮಾರು ಐವರು ಮಾತ್ರ ಅವರಿಗಿಂತ ಗಿಡ್ಡ) 95ನೇ ಪರ್ಸೆಂಟೈಲಿನ ಎತ್ತರದ ಗಂಡಸಿನವರೆಗೆ (ನೂರು ಗಂಡಸರಲ್ಲಿ ಸುಮಾರು ಐವರು ಮಾತ್ರ ಅವರಿಗಿಂತ ಎತ್ತರ) ಎಲ್ಲರಿಗೂ ಹೊಂದಬೇಕು ಅನ್ನೋದು ರೂಢಿಯ ಗುರಿ.

ಆಮೇಲೆ ಸೀಟಿಂಗ್ ಬಕ್. ಮರ, ಫೋಮ್ ಸೇರಿಸಿ ಕಟ್ಟಿದ, ನಿಜವಾದ ಅಳತೆಯ ಕಾರಿನ ಒಳಭಾಗ ಅದು. ನಾನು ಈ ಕೆಲಸ ಕಲಿತದ್ದು ಅದರಲ್ಲಿ ಕೂತೇ. ಕಿಟಕಿಯ ಸ್ವಿಚ್ಚನ್ನೇ ತೆಗೆದುಕೊಳ್ಳಿ. ಮೊಣಕೈ ಊರಿದ್ದ ಹಾಗೇ ಬೆರಳಿಗೆ ಅದು ಸಿಗಬೇಕು. ಆದರೆ ಗಿಡ್ಡ ಇರುವವರು ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ, ಎತ್ತರದವರು ಹಿಂದಕ್ಕೆ ತಳ್ಳುತ್ತಾರೆ. ಬಾಗಿಲು ಮಾತ್ರ ಇದ್ದಲ್ಲೇ ಇರುತ್ತದೆ. ಒಬ್ಬರಿಗೆ ಸರಿಯಾದ ಸ್ವಿಚ್ಚು ಇನ್ನೊಬ್ಬರ ಮಣಿಕಟ್ಟಿನ ಕೆಳಗೆ ಹೋಗಿರುತ್ತದೆ. ಫೋಮಿನ ಮೇಲೆ ಟೇಪ್ ಅಂಟಿಸಿ, ಬೇರೆ ಬೇರೆ ಎತ್ತರದವರನ್ನು ಕೂರಿಸಿ, ಕಣ್ಣು ಮುಚ್ಚಿ ಹುಡುಕಲು ಹೇಳುತ್ತೇವೆ. ಕೈ ತಡಕಾಡಿದರೆ ಟೇಪ್ ಜರುಗಿಸುತ್ತೇವೆ. ಕಂಪ್ಯೂಟರ್ ಪರದೆಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಬಣ್ಣದಲ್ಲೂ ಸುಮ್ನೆ ಇಷ್ಟ ಬಂದದ್ದನ್ನು ಹಾಕಲಾಗದು. ಡ್ಯಾಶ್‌ಬೋರ್ಡಿನ ಮೇಲ್ಭಾಗ ತಿಳಿ ಬಣ್ಣದ್ದಾದರೆ ಬಿಸಿಲಿಗೆ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಮೂಡಿ ರಸ್ತೆ ಮಂಕಾಗುತ್ತದೆ. ಅದಕ್ಕೇ ಅಲ್ಲಿ ಗಾಢ ಬಣ್ಣ, ಹೊಳಪಿಲ್ಲದ ಮೇಲ್ಮೈ. ಪ್ಲಾಸ್ಟಿಕ್ ಮೇಲಿನ ತೊಗಲಿನಂಥ ಗೆರೆಗಳು ಆಳವಾದಷ್ಟೂ ಆ ಪ್ಲಾಸ್ಟಿಕ್ ಭಾಗದ ಬದಿಗಳನ್ನು ಹೆಚ್ಚು ಓರೆ ಮಾಡಬೇಕು. ಇಲ್ಲದಿದ್ದರೆ ಅಚ್ಚಿನಿಂದ ಹೊರಬರುವಾಗ ಗೆರೆಗಳು ಉಜ್ಜಿ ಹೋಗುತ್ತವೆ. ಬಟ್ಟೆಗೆ ಬೆಂಕಿ ಪರೀಕ್ಷೆಯೂ ಇದೆ: ಅಮೆರಿಕದ ನಿಯಮದಂತೆ ಜ್ವಾಲೆ ನಿಮಿಷಕ್ಕೆ 102 ಮಿ.ಮೀ. ಮೀರಿ ಹರಡಬಾರದು. ಮನಸ್ಸಿಗೆ ಹಿಡಿಸಿದ ಬಟ್ಟೆಗಳು ಇಲ್ಲೇ ಬಿದ್ದು ಹೋಗುವುದುಂಟು. ಬೇಜಾರಾಗುತ್ತದೆ, ಆದರೆ ಆ ನಿಯಮ ಬೇಕೇ ಬೇಕು.

ಈ ಕೆಲಸಕ್ಕೆ ಬರಬೇಕು ಅನ್ನುವವರಿಗೆ ನಾನು ಹೇಳುವುದು, ಕಾರಿನ ಮೇಲ್ಮೈಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ಏಲಿಯಸ್ ಸಾಫ್ಟ್‌ವೇರ್ ಕಲಿಯಿರಿ, ಆದರೆ ಮೊದಲು ಒಂದು ಹಳೆಯ ಬಾಗಿಲಿನ ಪ್ಯಾನೆಲ್ ಬಿಚ್ಚಿ ನೋಡಿ. ಕ್ಲಿಪ್ಪು ಎಲ್ಲಿ, ಜೋಡಣೆಯ ಸಂದು ಎಲ್ಲಿ ಅಂತ ಕೈಯಿಂದ ಬರೆಯಿರಿ.

ಎಲ್ಲವನ್ನೂ ಟಚ್‌ಸ್ಕ್ರೀನಿಗೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಓಡಿಸುವವರ ಕಣ್ಣು ರಸ್ತೆಯ ಮೇಲಿರಬೇಕು. 2026ರಿಂದ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಕೂಡ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ಗುಂಡಿಯೋ ಲಿವರೋ ಇದ್ದರೆ ಮಾತ್ರ ಪೂರ್ತಿ ಅಂಕ ಕೊಡುತ್ತದೆ. ಈಗಿನ ಪ್ರಾಜೆಕ್ಟಿನಲ್ಲಿ ವಾದ ಮಾಡಿ ಎಸಿಯ ನಾಬ್ ಉಳಿಸಿಕೊಂಡಿದ್ದೇವೆ. ತಿರುಗಿಸುವಾಗ ಅದರ ಕ್ಲಿಕ್ ಎಷ್ಟು ಬಿಗಿ ಇರಬೇಕು ಅನ್ನೋದು ಇನ್ನೂ ತೀರ್ಮಾನವಾಗಬೇಕು.